ತೊಂಬತ್ತು ಬೋಲ್ಟುಗಳು

ವಿಮಾನವು ಅಪಾಯಕ್ಕೀಡಾಯಿತೆಂದು ಕೇಳಿದೊಡನೆ, ಬಿರುಗಾಳಿಯೋ ಯಂತ್ರದೋಷವೋ ಕಾರಣವಿರಬೇಕೆಂದು ನಾವು ಊಹಿಸುತ್ತೇವೆ. ಆದರೆ ಎಷ್ಟೋ ವೇಳೆ ವಿಪತ್ತಿನ ಬೀಜವು ವಿಮಾನವು ನೆಲದ ಮೇಲೆ ದುರಸ್ತಿಗಾಗಿ ನಿಂತಿದ್ದಾಗಲೇ ಬಿದ್ದಿರುತ್ತದೆ.

1990ನೆಯ ಇಸವಿ ಜೂನ್ 10ರ ಬೆಳಿಗ್ಗೆ ಬ್ರಿಟಿಷ್ ಏರ್‌ವೇಸ್ ಸಂಸ್ಥೆಯ ಜೆಟ್ ವಿಮಾನವೊಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿನ ಮಾಲಗ ನಗರಕ್ಕೆ ಹೊರಟಿತು. ಅದರಲ್ಲಿ 81 ಮಂದಿ ಪ್ರಯಾಣಿಕರೂ 6 ಮಂದಿ ಸಿಬ್ಬಂದಿಯೂ ಇದ್ದರು. ವಿಮಾನವು 17,300 ಅಡಿಗಳ ಎತ್ತರವನ್ನು ತಲಪಿದಾಗ, ಕ್ಯಾಪ್ಟನ್ನರ ಎದುರಿನ ಗಾಜು ಭಾರಿ ಸದ್ದಿನೊಡನೆ ಹಾರಿಹೋಯಿತು! ಅವರ ಅರ್ಧ ದೇಹವು ಕಿಟಕಿಯ ಹೊರಗೆ ಸೆಳೆಯಲ್ಪಟ್ಟಿತು. ಪರಿಚಾರಕರು ಅವರನ್ನು ಬಿಗಿಯಾಗಿ ಹಿಡಿದುಕೊಂಡರು. ಸಹಚಾಲಕರು ಧೈರ್ಯಗುಂದದೆ ವಿಮಾನವನ್ನು ಸೌತಾಂಪ್ಟನ್ನಿನಲ್ಲಿ ಇಳಿಸಿದರು. ಕ್ಯಾಪ್ಟನ್ನರೂ ಸೇರಿ ಎಲ್ಲರೂ ಬದುಕಿ ಉಳಿದರು.

ಗಾಜು ಹೊರಕ್ಕೇಕೆ ಹಾರಿತು? ಅಷ್ಟು ಎತ್ತರದಲ್ಲಿ ವಾಯುವಿನ ಒತ್ತಡವು ಸಮುದ್ರಮಟ್ಟದ ಒತ್ತಡದ ಸುಮಾರು ಅರ್ಧದಷ್ಟು ಮಾತ್ರ. ಪ್ರಯಾಣಿಕರ ಉಸಿರಾಟಕ್ಕಾಗಿ ವಿಮಾನದ ಒಳಗಿನ ಒತ್ತಡವನ್ನು ಹೆಚ್ಚಾಗಿ ಇಟ್ಟಿರುತ್ತಾರೆ. ಆದುದರಿಂದ ಒಳಗಿನ ವಾಯುವು ಗಾಜನ್ನು ಸದಾ ಹೊರಕ್ಕೆ ನೂಕುತ್ತಿರುತ್ತದೆ. ಈ ವಿಮಾನದಲ್ಲಿ ಗಾಜನ್ನು ಹೊರಗಿನಿಂದ ಕೂರಿಸಿ 90 ಬೋಲ್ಟುಗಳಿಂದ ಬಿಗಿಯಲಾಗಿತ್ತು. ಅಷ್ಟೂ ನೂಕುಬಲವನ್ನು ಆ ಬೋಲ್ಟುಗಳೇ ತಡೆಯಬೇಕಾಗಿತ್ತು.

ಹಾರಾಟಕ್ಕೆ 27 ಗಂಟೆಗಳ ಮೊದಲು, ರಾತ್ರಿಯ ಪಾಳಿಯಲ್ಲಿ, ಈ ಗಾಜನ್ನು ಹೊಸದಾಗಿ ಜೋಡಿಸಲಾಗಿತ್ತು. ತನಿಖೆ ನಡೆದಾಗ, 90ರಲ್ಲಿ 84 ಬೋಲ್ಟುಗಳ ವ್ಯಾಸವು ಇರಬೇಕಾದುದಕ್ಕಿಂತ 0.026 ಅಂಗುಲ, ಎಂದರೆ ಸುಮಾರು 0.66 ಮಿಲಿಮೀಟರ್ ಕಡಿಮೆಯಾಗಿದ್ದುದು ಬೆಳಕಿಗೆ ಬಂದಿತು. ಉಳಿದ ಆರರ ದಪ್ಪವು ಸರಿಯಾಗಿದ್ದರೂ ಉದ್ದವು 0.1 ಅಂಗುಲ ಸಾಲದಾಗಿತ್ತು.

ಕೆಲಸ ಮಾಡಿದವರು ಅನನುಭವಿಗಳಲ್ಲ. ಪಾಳಿಯ ಮೇಲ್ವಿಚಾರಕರೇ ಆಗಿದ್ದರು. ಅವರು ಬಿಡಿಭಾಗಗಳ ಪಟ್ಟಿಯನ್ನು ನೋಡದೆ, ಬಿಚ್ಚಿದ ಹಳೆಯ ಬೋಲ್ಟಿನೊಡನೆ ಹೊಸದನ್ನು ಮಂದಬೆಳಕಿನಲ್ಲಿ ಕಣ್ಣಳತೆಯಿಂದಲೇ ಹೋಲಿಸಿ ಆರಿಸಿಕೊಂಡರು. ಅವರು ಓದುವ ಕನ್ನಡಕವನ್ನೂ ಧರಿಸಿರಲಿಲ್ಲ. ಬಿಗಿಯುವಾಗ ಉಪಕರಣವು 'ಟಕ್' ಎಂದಿತು. ಸಾಕಷ್ಟು ಬಿಗಿಯಾಯಿತೆಂದು ಅವರು ತಿಳಿದರು. ವಾಸ್ತವದಲ್ಲಿ ಅದು ಸಣ್ಣ ಬೋಲ್ಟಿನ ಎಳೆಗಳು ನಟ್ಟಿನೊಳಗೆ ಜಾರಿದ ಸದ್ದಾಗಿತ್ತು. ಈ ಕೆಲಸವನ್ನು ಇನ್ನೊಬ್ಬರು ಪರೀಕ್ಷಿಸಬೇಕೆಂಬ ನಿಯಮವೂ ಆಗ ಇರಲಿಲ್ಲ.

ಇವುಗಳಲ್ಲಿ ಯಾವುದೊಂದೂ ತಾನಾಗಿಯೇ ಗಾಜನ್ನು ಕಿತ್ತೆಸೆಯುತ್ತಿರಲಿಲ್ಲ ಎಂಬುದನ್ನು ನಾವು ಗಮನಿಸಬೇಕು. ಬೆಳಕು ಚೆನ್ನಾಗಿದ್ದಿದ್ದರೆ, ಪಟ್ಟಿಯನ್ನು ತೆರೆದಿದ್ದರೆ, ಇನ್ನೊಂದು ಜೊತೆ ಕಣ್ಣುಗಳು ನೋಡಿದ್ದರೆ, ತಪ್ಪು ನೆಲದ ಮೇಲೆಯೇ ಸಿಕ್ಕಿಬೀಳುತ್ತಿತ್ತು. ಸಣ್ಣ ಲೋಪಗಳೆಲ್ಲ ಒಂದೇ ಸಾಲಿನಲ್ಲಿ ಬಂದು ನಿಂತಾಗ ಅನಾಹುತಕ್ಕೆ ದಾರಿಯಾಗುತ್ತದೆ. 1993ರಲ್ಲಿ ಕೆನಡಾದ ಸಾರಿಗೆ ಇಲಾಖೆಯಲ್ಲಿದ್ದ ಗಾರ್ಡನ್ ಡ್ಯೂಪಾಂಟರು ದುರಸ್ತಿಗಾರರ ತಪ್ಪುಗಳಿಗೆ ಹನ್ನೆರಡು ಕಾರಣಗಳನ್ನು ಪಟ್ಟಿಮಾಡಿದರು. ದಣಿವು, ಕಾಲದ ಒತ್ತಡ, ಅತಿಯಾದ ನೆಮ್ಮದಿ ಇವೇ ಮೊದಲಾದವು ಅದರಲ್ಲಿವೆ. ಅಜ್ಞಾನವು ಹನ್ನೆರಡರಲ್ಲಿ ಒಂದು ಮಾತ್ರ!

ಮನುಷ್ಯನು ತಪ್ಪು ಮಾಡುವುದು ಸಹಜ. ತಪ್ಪಿದವನನ್ನು ಹಳಿದರೆ ಮುಂದಿನ ವಿಮಾನವು ಸುರಕ್ಷಿತವಾಗುವುದಿಲ್ಲ. ತಪ್ಪನ್ನು ಹಿಡಿಯುವ ಏರ್ಪಾಡಿನಿಂದ ಆಗುತ್ತದೆ. ಪ್ರಯೋಗಶಾಲೆಯಲ್ಲಿ ಸೀಸೆಯ ಮೇಲಿನ ಚೀಟಿಯನ್ನು ಓದದೆ ದ್ರಾವಣವನ್ನು ಸುರಿಯಲು ಕೈಚಾಚಿದಾಗ, ಆ ತೊಂಬತ್ತು ಬೋಲ್ಟುಗಳನ್ನು ನಾವು ನೆನೆಯೋಣ.