ಸೋಷಿಯಾಲಜಿಯಲ್ಲಿ ಓದೋಕೆ ಏನಿದೆ?

ಬಿಎಗೆ ಸಮಾಜಶಾಸ್ತ್ರ ತಗೊಂಡೆ ಅಂದ್ರೆ ನೆಂಟರು ಕೇಳೇ ಕೇಳ್ತಾರೆ: ‘ಅದರಲ್ಲಿ ಓದೋಕೆ ಏನಿದೆ?’

ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಹೆಸರು ಹೇಳಿ. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಉಳಿದ್ರು. ಜಮೀನು ಯಾರ ಕೈಲಿದೆ, ಯಾರ ಮನೇಲಿ ಯಾರು ಉಣ್ತಾರೆ, ಜಗಳಕ್ಕೆ ಯಾರ ತೀರ್ಪು ನಡೆಯುತ್ತೆ, ಎಲ್ಲ ಬರ್ಕೊಂಡ್ರು. ಊರಲ್ಲಿ ಯಾವ ಜಾತಿಯ ಮಾತು ನಡೆಯುತ್ತೆ, ಯಾಕೆ ಅಂತ ಹೇಳೋ ‘ಪ್ರಬಲ ಜಾತಿ’ ಪರಿಕಲ್ಪನೆ ಬೆಳೆದದ್ದು ಇಂಥ ಕೆಲಸದಿಂದಲೇ.

1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಯಾರೋ ಹಚ್ಚಿದ ಬೆಂಕಿಗೆ ಆ ಹಳ್ಳಿ ಬಗ್ಗೆ ಅವರು ಸಿದ್ಧಪಡಿಸಿದ ಟಿಪ್ಪಣಿಗಳು ಸುಟ್ಟುಹೋದವು. ಎಂಥವರೂ ಕೈಚೆಲ್ತಿದ್ರು! ಇವರು ಹೆಚ್ಚಾಗಿ ನೆನಪಿನ ಮೇಲೇ ಬರೆದ್ರು. ಪುಸ್ತಕ 1976ರಲ್ಲಿ ಬಂತು.

ಓದೋಕೆ ಇರೋದರಲ್ಲಿ ಇಂಥ ಫೀಲ್ಡ್‌ವರ್ಕೂ ಒಂದು. ಹಾಂ, ಸರ್ವೆ ಮಾಡೋಕೆ ಸ್ವಲ್ಪ ಸ್ಟ್ಯಾಟಿಸ್ಟಿಕ್ಸೂ ಕಲೀಬೇಕು.

ಸೇರೋ ಮುಂಚೆ ಕಾಲೇಜಲ್ಲಿ ವಿಚಾರಿಸಿ: ಫೀಲ್ಡ್‌ವರ್ಕ್ ಮಾಡಿಸ್ತೀರಾ? ಬರೀ ನೋಟ್ಸ್ ಬರೆಸೋ ಕಡೆ ಸೇರಬೇಡಿ.