ಹೊಸ ಕಾರಿನ ಬಣ್ಣದಲ್ಲಿ ದೋಷ: ವಾರಂಟಿ ನಿರಾಕರಿಸಲ್ಪಟ್ಟಾಗ ಗ್ರಾಹಕರು ಅನುಸರಿಸಬೇಕಾದ ಕ್ರಮ

1. ಪೀಠಿಕೆ

ಗ್ರಾಮಾಂತರ ಪ್ರದೇಶದ ಕುಟುಂಬವೊಂದಕ್ಕೆ ಹೊಸ ಕಾರು ಎಂದರೆ ಮನೆ ಕಟ್ಟಿದ ನಂತರದ ಅತಿ ದೊಡ್ಡ ವೆಚ್ಚವಾಗಿರುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆ ಹೋಬಳಿಯ ನಿವಾಸಿಯೊಬ್ಬರು ಬ್ಯಾಂಕ್ ಸಾಲ ಪಡೆದು 8 ಲಕ್ಷ ರೂಪಾಯಿ ಬೆಲೆಯ ಕಾರನ್ನು ಬೆಂಗಳೂರಿನ ಮಾರಾಟ ಮಳಿಗೆಯಿಂದ ಖರೀದಿಸಿದ್ದಾರೆ ಎಂದು ಭಾವಿಸೋಣ. ಏಳೆಂಟು ತಿಂಗಳಲ್ಲಿ ಬಾನೆಟ್ಟಿನ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ. ಬಾಗಿಲಿನ ಅಂಚಿನಲ್ಲಿ ಬಣ್ಣದ ಪದರ ಸುಲಿಯತೊಡಗುತ್ತದೆ. ಮಾರಾಟಗಾರರನ್ನು ವಿಚಾರಿಸಿದಾಗ, ಇದು ಹೊರಗಿನ ಕಾರಣದಿಂದ ಆಗಿರುವುದರಿಂದ ವಾರಂಟಿಗೆ ಒಳಪಡುವುದಿಲ್ಲವೆಂಬ ಉತ್ತರ ದೊರೆಯುತ್ತದೆ.

ಎಂಜಿನ್ ಕೆಟ್ಟರೆ ಕಾರು ನಿಲ್ಲುತ್ತದೆ. ಬಣ್ಣ ಕೆಟ್ಟರೆ ಕಾರು ಓಡುತ್ತಲೇ ಇರುತ್ತದೆ. ಆದ ಕಾರಣ ಇಂತಹ ದೂರುಗಳನ್ನು ಗ್ರಾಹಕರೂ ಮಾರಾಟಗಾರರೂ ಮುಂದೂಡುತ್ತಾ ಹೋಗುತ್ತಾರೆ. ಬಣ್ಣ ಕೆಟ್ಟಿದೆ ಎಂಬುದನ್ನು ಸಾಮಾನ್ಯವಾಗಿ ಯಾರೂ ಅಲ್ಲಗಳೆಯುವುದಿಲ್ಲ. ಅದು ಏಕೆ ಕೆಟ್ಟಿತು ಎಂಬುದೇ ವ್ಯಾಜ್ಯದ ವಿಷಯವಾಗಿರುತ್ತದೆ. ಇದಕ್ಕೆ ಉತ್ತರ ನೀಡುವ ಸಾಕ್ಷ್ಯವು ಕಾರಿನ ಮೇಲೆಯೇ ಇದ್ದು, ಮರುಬಣ್ಣ ಬಳಿದ ದಿನ ಅಳಿಸಿಹೋಗುತ್ತದೆ. ಆದುದರಿಂದ ಗ್ರಾಹಕರು ಮೊದಲು ದೋಷವನ್ನು ದಾಖಲಿಸಿ, ಅನಂತರವೇ ದುರಸ್ತಿಗೆ ಒಪ್ಪಿಗೆ ನೀಡುವುದು ಸೂಕ್ತ. ಈ ಸಂಬಂಧ ಅನುಸರಿಸಬೇಕಾದ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

2. ಕಾರಿನ ಬಣ್ಣದ ರಚನೆ

ಕಾರ್ಖಾನೆಯಲ್ಲಿ ಕಾರಿನ ಉಕ್ಕಿನ ಹೊದಿಕೆಯನ್ನು ಮೊದಲು ಫಾಸ್ಫೇಟ್ ದ್ರಾವಣದಲ್ಲಿ ಸಂಸ್ಕರಿಸಿ, ತುಕ್ಕು ನಿರೋಧಕ ಪದರವನ್ನು ವಿದ್ಯುತ್ ವಿಧಾನದಿಂದ ಲೇಪಿಸಲಾಗುತ್ತದೆ. ಅದರ ಮೇಲೆ ಪ್ರೈಮರ್, ನಂತರ ಬಣ್ಣದ ಪದರ, ಕೊನೆಗೆ ಹೊಳಪು ನೀಡುವ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಇವೆಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತದೆ. ಅಂದರೆ ಒಂದು ಮಿಲಿಮೀಟರಿನ ಆರನೆಯ ಒಂದು ಭಾಗಕ್ಕಿಂತ ಹೆಚ್ಚಿಲ್ಲ.

ಕಾರ್ಖಾನೆಯಲ್ಲಿ ಮೇಲ್ಪದರಗಳನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಣಗಿಸಲಾಗುತ್ತದೆ. ಪ್ಲಾಸ್ಟಿಕ್, ವೈರಿಂಗ್ ಮತ್ತು ಆಸನಗಳನ್ನು ಜೋಡಿಸಿದ ಕಾರಿಗೆ ಅಷ್ಟು ಶಾಖ ನೀಡಲು ಸಾಧ್ಯವಿಲ್ಲದ ಕಾರಣ, ಟಿಂಕರಿಂಗ್ ಮತ್ತು ಪೇಂಟಿಂಗ್ ಕೇಂದ್ರಗಳಲ್ಲಿ ಬೇರೆ ಬಗೆಯ ಬಣ್ಣವನ್ನು ಸುಮಾರು 60 ಡಿಗ್ರಿಯಲ್ಲಿ ಒಣಗಿಸಲಾಗುತ್ತದೆ. ಹೀಗಾಗಿ ಮರುಬಣ್ಣವು ಎಷ್ಟೇ ನಾಜೂಕಾಗಿದ್ದರೂ ಕಾರ್ಖಾನೆಯ ಬಣ್ಣವೇ ಆಗಿರುವುದಿಲ್ಲ. ಮರುಬಣ್ಣ ಪಡೆದ ಭಾಗದಲ್ಲಿ ದಪ್ಪ ಹೆಚ್ಚಿರುತ್ತದೆ. ಪುಟ್ಟಿ ತುಂಬಿದ್ದಲ್ಲಿ ಅದು ಇನ್ನೂ ಹಲವು ಪಟ್ಟು ಹೆಚ್ಚುತ್ತದೆ. ಬಣ್ಣದ ದಪ್ಪ ಅಳೆಯುವ ಚಿಕ್ಕ ಉಪಕರಣವು ಹಳೆಯ ಕಾರುಗಳ ಮೌಲ್ಯಮಾಪಕರ ಬಳಿ ದೊರೆಯುತ್ತದೆ. ಎಲ್ಲ ಬಾಗಿಲುಗಳು 120 ಮೈಕ್ರಾನ್ ತೋರಿಸಿ ಒಂದು ಬಾಗಿಲು ಮಾತ್ರ 250 ಮೈಕ್ರಾನ್ ತೋರಿಸಿದಲ್ಲಿ, ಆ ಬಾಗಿಲಿಗೆ ಮತ್ತೆ ಬಣ್ಣ ಬಳಿದಿರುವ ಸಾಧ್ಯತೆ ಇರುತ್ತದೆ.

3. ವಾರಂಟಿಗೆ ಒಳಪಡುವ ಹಾಗೂ ಒಳಪಡದ ದೋಷಗಳು

ಪ್ರತಿ ತಯಾರಕರ ವಾರಂಟಿ ಪುಸ್ತಿಕೆಯ ಷರತ್ತುಗಳು ಬೇರೆ ಬೇರೆಯಾಗಿರುವುದರಿಂದ ಗ್ರಾಹಕರು ತಮ್ಮ ಪುಸ್ತಿಕೆಯನ್ನು ಮೊದಲು ಓದತಕ್ಕದ್ದು. ಬಣ್ಣದ ವಾರಂಟಿ ಹಾಗೂ ಉಕ್ಕು ತೂತು ಬೀಳುವಷ್ಟು ತುಕ್ಕು ಹಿಡಿಯುವುದಕ್ಕೆ ನೀಡುವ ವಾರಂಟಿ ಪ್ರತ್ಯೇಕವಾಗಿದ್ದಲ್ಲಿ ಅವುಗಳ ಅವಧಿಯೂ ಪ್ರತ್ಯೇಕವಾಗಿರಬಹುದು.

ತಯಾರಿಕೆಯ ದೋಷವನ್ನು ಸೂಚಿಸುವ ಲಕ್ಷಣಗಳು:
(ಅ) ಪೆಟ್ಟಿನ ಗುರುತಿಲ್ಲದೆ ಪದರ ಸುಲಿಯುವುದು;
(ಆ) ಬಣ್ಣದ ಕೆಳಗಿನಿಂದ ಗುಳ್ಳೆ ಅಥವಾ ತುಕ್ಕು ಏಳುವುದು;
(ಇ) ಪದರದೊಳಗೆ ಧೂಳಿನ ಕಣ ಸಿಲುಕಿರುವುದು, ಬಣ್ಣ ಇಳಿದು ಹೆಪ್ಪುಗಟ್ಟಿರುವುದು;
(ಈ) ಅಕ್ಕಪಕ್ಕದ ಭಾಗಗಳ ಬಣ್ಣ ಒಂದಕ್ಕೊಂದು ಹೊಂದದಿರುವುದು.

ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಡುವ ಕಾರಣಗಳು:
(ಅ) ಜಲ್ಲಿಕಲ್ಲು ಸಿಡಿದು ಬಣ್ಣ ಹಾರುವುದು;
(ಆ) ಹಕ್ಕಿಯ ಹಿಕ್ಕೆ, ಮರದ ಅಂಟು, ಆಮ್ಲ ಅಥವಾ ಕಾರ್ಖಾನೆಯ ಹೊಗೆಯ ಕಣಗಳಿಂದ ಆಗುವ ಕಲೆ;
(ಇ) ಗೀರು, ಅಪಘಾತ ಮತ್ತು ಅನಧಿಕೃತ ಕೇಂದ್ರದಲ್ಲಿ ಮಾಡಿಸಿದ ಬಣ್ಣದ ಕೆಲಸ.

ಈ ಭಾಗದ ಗ್ರಾಹಕರು ಎರಡು ಅಂಶಗಳನ್ನು ವಿಶೇಷವಾಗಿ ಗಮನಿಸಬೇಕು. ಕೊಳವೆಬಾವಿಯ ಗಡಸು ನೀರಿನಿಂದ ತೊಳೆದು ಬಿಸಿಲಿನಲ್ಲಿಯೇ ಒಣಗಲು ಬಿಟ್ಟಲ್ಲಿ ಬಿಳಿಯ ಸುಣ್ಣದ ಕಲೆಗಳು ಕ್ಲಿಯರ್ ಕೋಟಿನ ಮೇಲೆ ಉಳಿಯುತ್ತವೆ. ಹುಣಸೆ, ಹೊಂಗೆ ಮುಂತಾದ ಮರಗಳ ಕೆಳಗೆ ದಿನವೂ ನಿಲ್ಲಿಸಿದ ಕಾರಿನ ಮೇಲೆ ಅಂಟು ಹಾಗೂ ಹಿಕ್ಕೆಯ ಗುರುತು ಬೀಳುತ್ತದೆ. ಮಾರಾಟಗಾರರು ಸಾಮಾನ್ಯವಾಗಿ ಈ ಕಾರಣಗಳನ್ನೇ ಮುಂದಿಡುತ್ತಾರೆ. ಕಲೆಯು ಮೇಲಿನಿಂದ ಒಳಕ್ಕೆ ಇಳಿದಿರುತ್ತದೆ. ಗುಳ್ಳೆಯು ಒಳಗಿನಿಂದ ಮೇಲಕ್ಕೆ ಏಳುತ್ತದೆ. ಈ ವ್ಯತ್ಯಾಸವನ್ನು ಹತ್ತಿರದಿಂದ ತೆಗೆದ ಛಾಯಾಚಿತ್ರವೂ ತೋರಿಸಬಲ್ಲದು.

4. ಕಾರನ್ನು ಪಡೆಯುವ ದಿನ ವಹಿಸಬೇಕಾದ ಎಚ್ಚರಿಕೆ

ಆಯುಧಪೂಜೆ, ಯುಗಾದಿ ಮುಂತಾದ ಹಬ್ಬಗಳ ಸಂದರ್ಭದಲ್ಲಿ ಕಾರುಗಳನ್ನು ಸಂಜೆಯ ವೇಳೆ, ಮಳಿಗೆಯ ದೀಪದ ಬೆಳಕಿನಲ್ಲಿ, ಅವಸರದಿಂದ ಒಪ್ಪಿಸುವುದುಂಟು. ಬಣ್ಣದ ವ್ಯತ್ಯಾಸವು ಆ ಬೆಳಕಿನಲ್ಲಿ ಸುಲಭವಾಗಿ ಕಾಣುವುದಿಲ್ಲ. ಅರಿಸಿನ, ಕುಂಕುಮ ಮತ್ತು ಹೂವಿನ ಹಾರ ಏರುವ ಮುನ್ನ, ಹಗಲು ಬೆಳಕಿನಲ್ಲಿ ಕಾರಿನ ಸುತ್ತಲೂ ನೋಡುವುದು ಒಳಿತು. ಕಂಡುಬಂದ ನ್ಯೂನತೆಯನ್ನು ವಿತರಣಾ ಪತ್ರದ ಮೇಲೆಯೇ ಬರೆದು ಸಹಿ ಪಡೆಯತಕ್ಕದ್ದು. ನಮೂನೆ 21ರ ಮಾರಾಟ ಪ್ರಮಾಣ ಪತ್ರದಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷ ನಮೂದಾಗಿರುತ್ತದೆ. ತಯಾರಿಕೆ ಹಾಗೂ ಮಾರಾಟದ ನಡುವೆ ಹಲವು ತಿಂಗಳ ಅಂತರವಿದ್ದಲ್ಲಿ ಕಾರನ್ನು ಎಲ್ಲಿ ನಿಲ್ಲಿಸಲಾಗಿತ್ತು ಎಂದು ಕೇಳಬಹುದಾಗಿದೆ.

5. ದೋಷ ಕಂಡುಬಂದಾಗ ಅನುಸರಿಸಬೇಕಾದ ಕ್ರಮ

(1) ದೋಷವಿರುವ ಭಾಗದ ಛಾಯಾಚಿತ್ರಗಳನ್ನು ದೂರದಿಂದಲೂ ಹತ್ತಿರದಿಂದಲೂ, ದಿನಾಂಕ ತಿಳಿಯುವಂತೆ ತೆಗೆಯುವುದು. ನೋಂದಣಿ ಸಂಖ್ಯೆ ಕಾಣುವ ಒಂದು ಚಿತ್ರವಾದರೂ ಇರಬೇಕು.
(2) ಅಧಿಕೃತ ಸೇವಾ ಕೇಂದ್ರದಲ್ಲಿ ದೋಷವನ್ನು ಜಾಬ್ ಕಾರ್ಡಿನಲ್ಲಿ ಬರೆಯಿಸಿ ಪ್ರತಿಯನ್ನು ಪಡೆಯುವುದು. ಬಾಯಿಮಾತಿನ ದೂರಿಗೆ ಮುಂದೆ ಸಾಕ್ಷ್ಯವಿರುವುದಿಲ್ಲ.
(3) ಎಲ್ಲ ಭಾಗಗಳ ಬಣ್ಣದ ದಪ್ಪವನ್ನು ಅಳೆಯಿಸಿ, ಅಳತೆಯ ಪಟ್ಟಿಗೆ ಸಹಿ ಪಡೆಯುವುದು.
(4) ವಾರಂಟಿ ನಿರಾಕರಿಸಿದಲ್ಲಿ, ಪುಸ್ತಿಕೆಯ ಯಾವ ಷರತ್ತಿನ ಅನ್ವಯ ನಿರಾಕರಿಸಲಾಗಿದೆ ಎಂಬುದನ್ನು ಲಿಖಿತವಾಗಿ ಕೋರುವುದು.
(5) ಮಾರಾಟಗಾರರು ಮತ್ತು ತಯಾರಕರು ಇಬ್ಬರಿಗೂ ಸ್ಪೀಡ್ ಪೋಸ್ಟ್ ಅಥವಾ ಇ-ಮೇಲ್ ಮೂಲಕ ದೂರು ಕಳುಹಿಸಿ, ಉತ್ತರಕ್ಕೆ 15 ದಿನಗಳಂತಹ ನಿರ್ದಿಷ್ಟ ಕಾಲಾವಕಾಶ ನೀಡುವುದು.

ಕೆಲವು ಸಂದರ್ಭಗಳಲ್ಲಿ, ವಾರಂಟಿಯ ಬದಲು ವಿಮೆಯಲ್ಲಿ ಬಣ್ಣ ಮಾಡಿಸಿಕೊಳ್ಳುವಂತೆ ಸಲಹೆ ನೀಡಲಾಗುತ್ತದೆ. ವಿಮಾ ಕ್ಲೇಮಿಗೆ ಅಪಘಾತದ ವಿವರಣೆ ಬರೆಯಬೇಕಾಗುತ್ತದೆ. ನಡೆಯದ ಅಪಘಾತವನ್ನು ನಡೆದಿದೆ ಎಂದು ಬರೆದುಕೊಡುವುದು ಸುಳ್ಳು ಹೇಳಿಕೆಯಾಗುತ್ತದೆ. ಅಷ್ಟೇ ಅಲ್ಲದೆ, ಹಾನಿಯು ಹೊರಗಿನ ಕಾರಣದಿಂದ ಆದದ್ದೆಂದು ಗ್ರಾಹಕರೇ ಸಹಿ ಮಾಡಿ ಒಪ್ಪಿದಂತಾಗಿ ವಾರಂಟಿಯ ಹಕ್ಕು ದುರ್ಬಲವಾಗುತ್ತದೆ. ಇಂತಹ ಸಲಹೆಯನ್ನು ಒಪ್ಪತಕ್ಕದ್ದಲ್ಲ.

ಮಾರಾಟಗಾರರು ಉಚಿತ ಮರುಬಣ್ಣಕ್ಕೆ ಮುಂದೆ ಬಂದಲ್ಲಿ, ಯಾವ ಭಾಗಗಳು, ಯಾವ ಕಾರಣಕ್ಕೆ, ಹೊಸ ಬಣ್ಣಕ್ಕೆ ಎಷ್ಟು ಅವಧಿಯ ವಾರಂಟಿ ಎಂಬ ಮೂರು ಅಂಶಗಳನ್ನು ಲಿಖಿತವಾಗಿ ಪಡೆದು ಒಪ್ಪಿಗೆ ನೀಡಬಹುದು. ಎಲ್ಲ ಹಕ್ಕುಗಳನ್ನೂ ಬಿಟ್ಟುಕೊಟ್ಟಂತೆ ಬರೆದಿರುವ ತೃಪ್ತಿ ಪತ್ರಕ್ಕೆ ಓದದೆ ಸಹಿ ಮಾಡಬಾರದು.

6. ಕಾನೂನಿನ ರಕ್ಷಣೆ

1986ರ ಗ್ರಾಹಕರ ಸಂರಕ್ಷಣಾ ಅಧಿನಿಯಮದ ಸ್ಥಾನದಲ್ಲಿ 2019ರ ಅಧಿನಿಯಮವು ಜುಲೈ 2020ರಲ್ಲಿ ಜಾರಿಗೆ ಬಂದಿದೆ. ಕಾನೂನಿನ ಅಥವಾ ಕರಾರಿನ ಪ್ರಕಾರ ಇರಬೇಕಾದ, ಇಲ್ಲವೇ ಮಾರಾಟಗಾರರು ಇದೆಯೆಂದು ಹೇಳಿಕೊಂಡ ಗುಣಮಟ್ಟದಲ್ಲಿನ ಯಾವುದೇ ಕೊರತೆಯು ಇದರ ಅನ್ವಯ ದೋಷವೆನಿಸುತ್ತದೆ. ಬಣ್ಣವನ್ನು ಇದರಿಂದ ಹೊರಗಿಟ್ಟಿಲ್ಲ.

ವಾಣಿಜ್ಯ ಉದ್ದೇಶಕ್ಕಾಗಿ ಖರೀದಿಸಿದವರು ಗ್ರಾಹಕರೆನಿಸುವುದಿಲ್ಲ. ಆದರೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಸ್ವತಃ ಟ್ಯಾಕ್ಸಿ ಓಡಿಸಿ ಜೀವನೋಪಾಯ ನಡೆಸುವವರಂತೆ, ಸ್ವಯಂ ಉದ್ಯೋಗಕ್ಕಾಗಿ ಮಾತ್ರ ಕಾರು ಕೊಂಡವರು ಗ್ರಾಹಕರೇ ಆಗಿರುತ್ತಾರೆ.

7. ದೂರು ಸಲ್ಲಿಸುವ ವಿಧಾನ

ಮೊದಲ ಹಂತದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಇಲ್ಲಿ ಕನ್ನಡದಲ್ಲಿಯೂ ದೂರು ದಾಖಲಿಸಬಹುದಾಗಿದೆ. ಸಹಾಯವಾಣಿಯು ಸಂಸ್ಥೆಯೊಂದಿಗೆ ವ್ಯವಹರಿಸಿ ರಾಜಿಗೆ ಪ್ರಯತ್ನಿಸುತ್ತದೆ. ಆದೇಶ ನೀಡುವ ಅಧಿಕಾರ ಅದಕ್ಕಿಲ್ಲ.

ಅದರಿಂದ ಪರಿಹಾರ ದೊರೆಯದಿದ್ದಲ್ಲಿ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಬಹುದು. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ಮಳಿಗೆಯು ಬೇರೆ ಜಿಲ್ಲೆಯಲ್ಲಿದ್ದರೂ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಲು ಕಲಂ 34 ಅವಕಾಶ ನೀಡುತ್ತದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಆಯೋಗವು ಬೆಂಗಳೂರು ನಗರದಲ್ಲಿ ಕಾರ್ಯನಿರ್ವಹಿಸುತ್ತಿದೆ. 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ತಾಣದ ಮೂಲಕವೂ ದೂರು ಸಲ್ಲಿಸಬಹುದಾಗಿದೆ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ.

ಶುಲ್ಕದ ವಿವರ (ಪಾವತಿಸಿದ ಬೆಲೆಯ ಆಧಾರದ ಮೇಲೆ):
5 ಲಕ್ಷ ರೂಪಾಯಿವರೆಗೆ – ಶುಲ್ಕವಿಲ್ಲ
5ರಿಂದ 10 ಲಕ್ಷದವರೆಗೆ – 200 ರೂಪಾಯಿ
10ರಿಂದ 20 ಲಕ್ಷದವರೆಗೆ – 400 ರೂಪಾಯಿ
20ರಿಂದ 50 ಲಕ್ಷದವರೆಗೆ – 1,000 ರೂಪಾಯಿ

ಪೀಠಿಕೆಯ ಉದಾಹರಣೆಯಲ್ಲಿನ 8 ಲಕ್ಷ ರೂಪಾಯಿಯ ಕಾರಿಗೆ ಶುಲ್ಕ 200 ರೂಪಾಯಿ ಆಗುತ್ತದೆ.

ಲಗತ್ತಿಸಬೇಕಾದ ದಾಖಲೆಗಳು: ಖರೀದಿ ಬಿಲ್ಲು, ಮಾರಾಟ ಪ್ರಮಾಣ ಪತ್ರ, ನೋಂದಣಿ ಪತ್ರ, ವಾರಂಟಿ ಪುಸ್ತಿಕೆ, ಎಲ್ಲ ಜಾಬ್ ಕಾರ್ಡುಗಳು, ಛಾಯಾಚಿತ್ರಗಳು, ಬಣ್ಣದ ದಪ್ಪದ ಪಟ್ಟಿ, ಪತ್ರ ವ್ಯವಹಾರ ಮತ್ತು ವಾಸಸ್ಥಳದ ಪುರಾವೆ.

ಕಾಲಮಿತಿ: ವ್ಯಾಜ್ಯಕಾರಣ ಉದ್ಭವಿಸಿದ ದಿನಾಂಕದಿಂದ ಎರಡು ವರ್ಷಗಳು (ಕಲಂ 69). ಸಕಾರಣವಿದ್ದಲ್ಲಿ ಆಯೋಗವು ವಿಳಂಬವನ್ನು ಮನ್ನಿಸಬಹುದು. ಆದರೆ ಮಾರಾಟಗಾರರೊಂದಿಗೆ ಮಾತುಕತೆ ನಡೆಯುತ್ತಿದೆ ಎಂಬ ಒಂದೇ ಕಾರಣದಿಂದ ಅವಧಿಯು ತಾನಾಗಿಯೇ ವಿಸ್ತರಣೆಯಾಗುತ್ತದೆ ಎಂದು ಭಾವಿಸತಕ್ಕದ್ದಲ್ಲ.

8. ವಿಚಾರಣೆ ಮತ್ತು ತಜ್ಞರ ಪರೀಕ್ಷೆ

ಎದುರುದಾರರು 30 ದಿನಗಳೊಳಗೆ ಉತ್ತರ ಸಲ್ಲಿಸಬೇಕು. ಆಯೋಗವು ಹೆಚ್ಚೆಂದರೆ ಇನ್ನೂ 15 ದಿನಗಳ ಅವಕಾಶ ನೀಡಬಹುದು. ಉಭಯತ್ರರು ಒಪ್ಪಿದಲ್ಲಿ ಪ್ರಕರಣವನ್ನು ಮಧ್ಯಸ್ಥಿಕೆಗೆ ಒಪ್ಪಿಸಲು ಅವಕಾಶವಿದೆ. ಬರಿಗಣ್ಣಿಗೆ ನಿರ್ಧರಿಸಲಾಗದ ದೋಷವಿದ್ದಲ್ಲಿ ಕಲಂ 38ರ ಅನ್ವಯ ಪ್ರಯೋಗಾಲಯ ಪರೀಕ್ಷೆಗೆ ಆದೇಶಿಸಬಹುದು. ಇದರ ಶುಲ್ಕವನ್ನು ದೂರುದಾರರು ಮೊದಲು ಠೇವಣಿ ಇಡಬೇಕಾಗುತ್ತದೆ. ಪರೀಕ್ಷೆ ಅಗತ್ಯವಿಲ್ಲದ ದೂರುಗಳನ್ನು ಮೂರು ತಿಂಗಳಲ್ಲಿ, ಪರೀಕ್ಷೆ ಅಗತ್ಯವಿರುವ ದೂರುಗಳನ್ನು ಐದು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಅಧಿನಿಯಮವು ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚಿನ ಸಮಯ ಹಿಡಿಯಬಹುದು.

ತಜ್ಞರ ವರದಿಯ ಮಹತ್ವವು 2010ರಲ್ಲಿ ಫಿಯಟ್ ಕಾರೊಂದರ ಎಂಜಿನ್ ಕುರಿತ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ಸರ್ವೋಚ್ಚ ನ್ಯಾಯಾಲಯವು ಕಾರನ್ನು ಸ್ವತಂತ್ರ ತಾಂತ್ರಿಕ ತಜ್ಞರಿಂದ ಪರೀಕ್ಷಿಸಲು ನಿರ್ದೇಶಿಸಿ, ತಯಾರಿಕೆಯ ಮೂಲದೋಷ ದೃಢಪಟ್ಟಲ್ಲಿ ಬೆಲೆಯನ್ನು ಮರುಪಾವತಿಸುವಂತೆ ತಿಳಿಸಿತು.

9. ಎಂತಹ ಪರಿಹಾರ ಕೋರಬೇಕು

ದೋಷ ನಿವಾರಣೆ, ಸರಕಿನ ಬದಲಾವಣೆ, ಬೆಲೆಯ ಮರುಪಾವತಿ ಹಾಗೂ ನಷ್ಟ ಪರಿಹಾರಕ್ಕೆ ಆದೇಶಿಸುವ ಅಧಿಕಾರ ಆಯೋಗಕ್ಕೆ ಇದೆ. ಹಲವು ಗ್ರಾಹಕರು ಬೇರೆ ಕಾರನ್ನೇ ಕೋರುತ್ತಾರೆ. ಆದರೆ ಮಾರುತಿ ಉದ್ಯೋಗ್ ಸಂಸ್ಥೆಯು ಪಕ್ಷಕಾರನಾಗಿದ್ದ 2006ರ ಪ್ರಕರಣದಲ್ಲಿ, ವಾರಂಟಿಯ ಹೊಣೆಯು ದೋಷಯುಕ್ತ ಭಾಗದ ದುರಸ್ತಿ ಅಥವಾ ಬದಲಾವಣೆಗೆ ಸೀಮಿತವಾಗಿದ್ದಾಗ ಇಡೀ ಕಾರನ್ನು ಬದಲಿಸಲು ಆದೇಶಿಸುವುದು ಸರಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿದೆ. ಆದುದರಿಂದ ಒಂದೆರಡು ಭಾಗಗಳ ಬಣ್ಣ ಕೆಟ್ಟಿರುವಲ್ಲಿ, ಆ ಭಾಗಗಳ ಸಮರ್ಪಕ ಮರುಬಣ್ಣ, ಅದಕ್ಕೆ ಹೊಸ ವಾರಂಟಿ, ಕಾರಿನ ಮೌಲ್ಯ ಕುಸಿತಕ್ಕೆ ಪರಿಹಾರ ಮತ್ತು ವ್ಯಾಜ್ಯದ ವೆಚ್ಚವನ್ನು ಕೋರುವುದು ವ್ಯವಹಾರ್ಯವಾಗಿರುತ್ತದೆ.

ಮೌಲ್ಯ ಕುಸಿತವನ್ನು ಹೇಗೆ ಸಾಬೀತುಪಡಿಸಬಹುದು ಎಂಬುದಕ್ಕೆ ಅಮೆರಿಕದ ಒಂದು ಪ್ರಸಿದ್ಧ ಪ್ರಕರಣ ಉದಾಹರಣೆಯಾಗಿದೆ. ಅಲಬಾಮಾ ರಾಜ್ಯದ ವೈದ್ಯರೊಬ್ಬರು 1990ರಲ್ಲಿ ಸುಮಾರು 40,750 ಡಾಲರ್ ನೀಡಿ ಹೊಸ ಬಿಎಂಡಬ್ಲ್ಯು ಕಾರನ್ನು ಖರೀದಿಸಿದ್ದರು. ಮಾರಾಟಕ್ಕೆ ಮುನ್ನವೇ ಅದಕ್ಕೆ ಮರುಬಣ್ಣ ಬಳಿಯಲಾಗಿತ್ತು ಎಂಬುದು ಒಂಬತ್ತು ತಿಂಗಳ ನಂತರ ತಿಳಿಯಿತು. ದುರಸ್ತಿಯ ವೆಚ್ಚ ಬೆಲೆಯ ಶೇಕಡ 3ನ್ನು ಮೀರದಿದ್ದಲ್ಲಿ ತಿಳಿಸುವುದಿಲ್ಲವೆಂಬುದು ಸಂಸ್ಥೆಯ ನೀತಿಯಾಗಿತ್ತು. ಮರುಬಣ್ಣ ಪಡೆದ ಕಾರಿನ ಬೆಲೆ ಶೇಕಡ 10ರಷ್ಟು ಕಡಿಮೆಯೆಂದು ಮಾಜಿ ಮಾರಾಟಗಾರರೊಬ್ಬರು ಸಾಕ್ಷ್ಯ ನುಡಿದರು. ನಷ್ಟವನ್ನು 4,000 ಡಾಲರ್ ಎಂದು ನಿರ್ಧರಿಸಲಾಯಿತು. ಅದರೊಂದಿಗೆ ವಿಧಿಸಿದ ದಂಡರೂಪದ ಪರಿಹಾರವು 20 ಲಕ್ಷ ಡಾಲರಿಗೆ ಇಳಿದು ಬಂದಿದ್ದರೂ, ಅದು ವಿಪರೀತವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ಅಭಿಪ್ರಾಯಪಟ್ಟಿತು. ಆ ದೇಶದ ತೀರ್ಪು ಇಲ್ಲಿ ಬಂಧನಕಾರಿಯಲ್ಲ. ಆದರೆ ಹಳೆಯ ಕಾರುಗಳ ವ್ಯಾಪಾರ ತಿಳಿದವರಿಂದ ಮರುಬಣ್ಣದ ಕಾರಣ ಕಡಿಮೆಯಾಗುವ ಬೆಲೆಯ ಬಗ್ಗೆ ಲಿಖಿತ ಮೌಲ್ಯಮಾಪನ ಪಡೆದು ಸಲ್ಲಿಸುವ ಕ್ರಮ ಇಲ್ಲಿಯೂ ಉಪಯುಕ್ತವಾಗಿದೆ.

ದೂರಿನಲ್ಲಿ ತಯಾರಕರು ಮತ್ತು ಮಾರಾಟಗಾರರು ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸತಕ್ಕದ್ದು. ಮಾರಾಟಗಾರರ ತಪ್ಪು ತಯಾರಕರ ಅರಿವಿಗೆ ಬಂದಿತ್ತೆಂದು ತೋರಿಸದೆ ತಯಾರಕರನ್ನು ಅದಕ್ಕೆ ಹೊಣೆ ಮಾಡಲಾಗದು ಎಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಟಾಟಾ ಮೋಟಾರ್ಸ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಬಣ್ಣವು ಕಾರ್ಖಾನೆಯಲ್ಲಿ ಕೆಟ್ಟಿತೋ ಮಳಿಗೆಯ ಅಂಗಳದಲ್ಲಿ ಕೆಟ್ಟಿತೋ ಎಂಬುದು ಗ್ರಾಹಕರಿಗೆ ಮೊದಲೇ ತಿಳಿದಿರುವುದಿಲ್ಲ.

10. ಮೇಲ್ಮನವಿ ಮತ್ತು ಆದೇಶದ ಜಾರಿ

ಜಿಲ್ಲಾ ಆಯೋಗದ ಆದೇಶದ ವಿರುದ್ಧ 45 ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಣ ಪಾವತಿಸಲು ಆದೇಶಿಸಲ್ಪಟ್ಟವರು ಮೇಲ್ಮನವಿಗೆ ಮುನ್ನ ಅದರ ಶೇಕಡ 50ರಷ್ಟನ್ನು ಠೇವಣಿ ಇಡಬೇಕು. ಆದೇಶ ಪಾಲಿಸದವರಿಗೆ ಕಲಂ 72ರ ಅನ್ವಯ ಒಂದು ತಿಂಗಳಿನಿಂದ ಮೂರು ವರ್ಷಗಳವರೆಗೆ ಕಾರಾವಾಸ, ಅಥವಾ 25,000 ರೂಪಾಯಿಗೆ ಕಡಿಮೆಯಿಲ್ಲದ ಮತ್ತು ಒಂದು ಲಕ್ಷ ರೂಪಾಯಿವರೆಗಿನ ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ.

11. ಸಾರ್ವಜನಿಕರ ಗಮನಕ್ಕೆ

ಬಣ್ಣದ ಗುಳ್ಳೆಯನ್ನು ಉಗುರಿನಿಂದ ಕೆರೆಯುವುದು, ಊರಿನ ಪೇಂಟರಿನಿಂದ ತಾತ್ಕಾಲಿಕವಾಗಿ ಬಣ್ಣ ಹಚ್ಚಿಸುವುದು, ಪಾಲಿಶ್ ಮಾಡಿಸುವುದು ಇವೆಲ್ಲವೂ ಸಾಕ್ಷ್ಯವನ್ನು ಕೆಡಿಸುತ್ತವೆ. ಸುಲಿದ ಭಾಗದಲ್ಲಿ ತುಕ್ಕು ಹರಡುವ ಭಯವಿದ್ದಲ್ಲಿ, ಛಾಯಾಚಿತ್ರ ಮತ್ತು ಅಳತೆಗಳನ್ನು ಪೂರೈಸಿದ ನಂತರ, ಮಾರಾಟಗಾರರಿಗೆ ಲಿಖಿತ ಸೂಚನೆ ನೀಡಿ ರಕ್ಷಣಾ ಕ್ರಮ ಕೈಗೊಳ್ಳಬಹುದು. ದೋಷ ಕಂಡ ವಾರದಲ್ಲಿಯೇ ಬರೆಯಿಸಿದ ಒಂದು ಜಾಬ್ ಕಾರ್ಡು, ಎರಡು ವರ್ಷಗಳ ನಂತರ ನೀಡುವ ದೀರ್ಘ ಹೇಳಿಕೆಗಿಂತ ಗ್ರಾಹಕರಿಗೆ ಹೆಚ್ಚಿನ ನೆರವಾಗುತ್ತದೆ.