ಸಮಗ್ರ ಅರ್ಥಶಾಸ್ತ್ರ: ಒಂದು ಪರಿಚಯ

ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ ಎಂಬುದು ನಮ್ಮ ಹಿರಿಯರ ಮಾತು. ಆದರೆ ಹನಿಯ ಗುಣವನ್ನು ಅರಿತವನಿಗೆ ಹಳ್ಳದ ಗುಣವೂ ತಿಳಿದಂತಾಯಿತೆ? ಹನಿಗೆ ಸೆಳವಿಲ್ಲ, ಹಳ್ಳಕ್ಕೆ ಸೆಳವುಂಟು. ಗೋಕಾಕದಲ್ಲಿ ಸುಮಾರು 170 ಅಡಿ ಕೆಳಕ್ಕೆ ಧುಮುಕುವ ಘಟಪ್ರಭೆಯ ಬಲವನ್ನು ಕಂಡೇ 1885ರಲ್ಲಿ ಸ್ಥಾಪಿತವಾದ ಕಂಪನಿಯು ಅಲ್ಲಿ ನೂಲಿನ ಗಿರಣಿಯನ್ನು ಕಟ್ಟಿತು. ಒಂದೊಂದು ಹನಿಯನ್ನು ಬೇರೆಬೇರೆಯಾಗಿ ಪರೀಕ್ಷಿಸಿದ್ದರೆ ಆ ಬಲ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಬಿ.ಎ. ತರಗತಿಯಲ್ಲಿ ನಾವು ಓದುವ ಸಮಗ್ರ ಅರ್ಥಶಾಸ್ತ್ರದ ತಿರುಳು ಇದೇ.

ಒಬ್ಬ ರೈತ, ಒಂದು ಅಂಗಡಿ, ಒಂದು ಸರಕಿನ ಬೆಲೆ, ಇವುಗಳ ವಿಚಾರ ಸೂಕ್ಷ್ಮ ಅರ್ಥಶಾಸ್ತ್ರಕ್ಕೆ ಸೇರಿದ್ದು. ದೇಶದ ಒಟ್ಟು ಉತ್ಪನ್ನ, ಒಟ್ಟು ಉದ್ಯೋಗ, ಸಾಮಾನ್ಯ ಬೆಲೆಮಟ್ಟ, ಇವು ಸಮಗ್ರ ಅರ್ಥಶಾಸ್ತ್ರದ ವಿಷಯಗಳು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂ. ಬೆಲೆ ಕೇಳಿ ಧರಣಿ ಕುಳಿತುದನ್ನು ನಮ್ಮ ಭಾಗದವರೆಲ್ಲ ಬಲ್ಲರು. ಸರಕಾರವು 3,300 ರೂ. ಘೋಷಿಸಿದ ಮೇಲೆ ಅಲ್ಲಿಯ ಧರಣಿ ಮುಗಿಯಿತು. ಬೆಲೆ ಎಷ್ಟಿರಬೇಕೆಂಬುದು ಸೂಕ್ಷ್ಮ ಅರ್ಥಶಾಸ್ತ್ರದ ಪ್ರಶ್ನೆ. ಆ ಹಣ ರೈತನ ಕೈ ಸೇರಿದ ಮೇಲೆ ಪೇಟೆ, ಸಂತೆ, ಕೂಲಿಗಳ ಗತಿ ಏನಾಗುತ್ತದೆಂಬುದು ಸಮಗ್ರ ಅರ್ಥಶಾಸ್ತ್ರದ ಪ್ರಶ್ನೆ.

ಈ ಶಾಖೆ ಬೇರೆಯಾಗಿ ಬೆಳೆದುದು ಒಂದು ಮಹಾ ಸಂಕಟದಿಂದ. 1929ರಲ್ಲಿ ಆರಂಭವಾದ ಮಹಾ ಆರ್ಥಿಕ ಕುಸಿತದಲ್ಲಿ ಕಾರ್ಖಾನೆಗಳಿದ್ದವು, ದುಡಿಯುವ ಕೈಗಳಿದ್ದವು, ಕೆಲಸ ಮಾತ್ರ ಇರಲಿಲ್ಲ. ಕೂಲಿ ಇಳಿದರೆ ಎಲ್ಲರಿಗೂ ಕೆಲಸ ಸಿಕ್ಕೇ ಸಿಗುವುದೆಂದು ಹಳೆಯ ಪಂಡಿತರು ನಂಬಿದ್ದರು. 1936ರಲ್ಲಿ ಇಂಗ್ಲೆಂಡಿನ ಜಾನ್ ಮೇನಾರ್ಡ್ ಕೇನ್ಸ್ ತಮ್ಮ ಗ್ರಂಥದಲ್ಲಿ ಇದನ್ನು ಅಲ್ಲಗಳೆದರು. ಒಬ್ಬನ ಖರ್ಚೇ ಇನ್ನೊಬ್ಬನ ವರಮಾನ. ಜನರೆಲ್ಲ ಕೊಳ್ಳುವುದನ್ನು ನಿಲ್ಲಿಸಿದರೆ ಗಿರಣಿ ಯಾರಿಗಾಗಿ ನಡೆದೀತು? ಅಂಥ ಕಾಲದಲ್ಲಿ ಸರಕಾರವೇ ಮುಂದಾಗಿ ಖರ್ಚು ಮಾಡಬೇಕೆಂದು ಅವರು ವಾದಿಸಿದರು.

ಇನ್ನು ರಾಷ್ಟ್ರೀಯ ವರಮಾನವನ್ನು ಅಳೆಯುವ ಬಗೆಯನ್ನು ನೋಡೋಣ. ಗೋಕಾಕದ ಕರದಂಟನ್ನು ತಿನ್ನದವರಾರು? ವಾದಕ್ಕಾಗಿ ಹೀಗೆ ಭಾವಿಸೋಣ: ರೈತನು 100 ರೂ.ಗಳ ಕಬ್ಬನ್ನು ಗಾಣದವನಿಗೆ ಮಾರಿದ. ಗಾಣದವನು ಬೆಲ್ಲ ಮಾಡಿ 160 ರೂ.ಗಳಿಗೆ ಕೊಟ್ಟ, ಮಿಠಾಯಿಯವನು ಕರದಂಟು ಮಾಡಿ 300 ರೂ.ಗಳಿಗೆ ಮಾರಿದ. ಮೂರನ್ನೂ ಕೂಡಿಸಿ 560 ಎಂದರೆ ಲೆಕ್ಕ ತಪ್ಪುತ್ತದೆ. ಕಬ್ಬಿನ ಬೆಲೆ ಬೆಲ್ಲದಲ್ಲಿಯೂ ಬೆಲ್ಲದ ಬೆಲೆ ಕರದಂಟಿನಲ್ಲಿಯೂ ಅಡಗಿದೆ. ಆದುದರಿಂದ ಪ್ರತಿಯೊಬ್ಬನೂ ಹೊಸದಾಗಿ ಸೇರಿಸಿದ ಮೌಲ್ಯವನ್ನಷ್ಟೇ ಹಿಡಿಯಬೇಕು: 100, 60, 140, ಒಟ್ಟು 300. ಸುಲಭಕ್ಕಾಗಿ ಕೊಬ್ಬರಿ, ಅಂಟು ಮೊದಲಾದುವನ್ನು ಇಲ್ಲಿ ಬಿಟ್ಟಿದ್ದೇನೆ.

ನಮ್ಮ ದೇಶದಲ್ಲಿ ಈ ಲೆಕ್ಕಕ್ಕೆ ದೀರ್ಘ ಇತಿಹಾಸವಿದೆ. 1867-68ರಲ್ಲಿ ಬ್ರಿಟಿಷ್ ಭಾರತದ ತಲಾ ವರಮಾನ ವರ್ಷಕ್ಕೆ ಕೇವಲ 20 ರೂ. ಎಂದು ದಾದಾಭಾಯಿ ನವರೋಜಿ ಅಂದಾಜು ಮಾಡಿದ್ದರು. ಸ್ವಾತಂತ್ರ್ಯಾನಂತರ 1949ರಲ್ಲಿ ಪಿ.ಸಿ. ಮಹಲನೋಬಿಸ್ ಅವರ ಅಧ್ಯಕ್ಷತೆಯಲ್ಲಿ ರಾಷ್ಟ್ರೀಯ ವರಮಾನ ಸಮಿತಿ ನೇಮಕವಾಯಿತು. ಡಿ.ಆರ್. ಗಾಡಗೀಳ ಮತ್ತು ವಿ.ಕೆ.ಆರ್.ವಿ. ರಾವ್ ಅದರ ಸದಸ್ಯರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಸ್ಥಾಪಿಸಿದವರು ಇದೇ ರಾವ್ ಅವರು.

ಹಣವು ಕೈಯಿಂದ ಕೈಗೆ ಹರಿಯುವಾಗ ಬೆಳೆಯುತ್ತ ಹೋಗುವುದನ್ನು ಗುಣಕವೆನ್ನುತ್ತಾರೆ. ಕಾಲುವೆ ದುರಸ್ತಿಗೆಂದು ಒಂದೂರಿನಲ್ಲಿ 10 ಲಕ್ಷ ರೂ. ಕೂಲಿ ಹಂಚಿದರೆನ್ನಿ. ಪಡೆದವರು ನೂರಕ್ಕೆ 80ರಂತೆ ಖರ್ಚು ಮಾಡಿದರೆ 8 ಲಕ್ಷ ಅಂಗಡಿಕಾರರಿಗೆ ಬಂತು. ಅವರು ಅದರಲ್ಲಿ 6.4 ಲಕ್ಷ ಖರ್ಚು ಮಾಡಿದರು. ಹೀಗೆಯೇ ಸಾಗಿದರೆ ಒಟ್ಟು ವರಮಾನ 50 ಲಕ್ಷದವರೆಗೆ ಏರುತ್ತದೆ. ಆದರೆ ಕೊಂಡ ಸರಕು ಹೊರಗಿನಿಂದ ಬಂದುದಾದರೆ ಹಣವೂ ಹೊರಗೆ ಸೋರಿಹೋಗುತ್ತದೆ. ಊರಿನೊಳಗೆ ನೂರಕ್ಕೆ 50 ಮಾತ್ರ ಉಳಿದು ತಿರುಗಿದರೆ ಮೊತ್ತ 20 ಲಕ್ಷಕ್ಕೇ ನಿಲ್ಲುತ್ತದೆ. 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಂಥ ಸ್ಥಳೀಯ ಸಂಸ್ಥೆಗಳ ಮಹತ್ವವನ್ನು ಈ ದೃಷ್ಟಿಯಿಂದಲೂ ವಿಚಾರಿಸಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬುದು ಮನೆಗೆ ಒಳ್ಳೆಯ ನೀತಿ. ಕೆಟ್ಟ ಕಾಲದಲ್ಲಿ ಎಲ್ಲ ಮನೆಗಳೂ ಒಮ್ಮೆಲೆ ಕಾಲು ಮಡಚಿದರೆ? ಬಟ್ಟೆ ಮಾರುವವನಿಗೆ ಗಿರಾಕಿಯಿಲ್ಲ, ನೇಯುವವನಿಗೆ ಕೆಲಸವಿಲ್ಲ, ಕೆಲಸವಿಲ್ಲದವನಿಗೆ ಉಳಿತಾಯವೂ ಇಲ್ಲ. ಇದನ್ನೇ ಮಿತವ್ಯಯದ ವಿರೋಧಾಭಾಸವೆನ್ನುತ್ತಾರೆ. ಹಾಗೆಂದು ಸರಕಾರವು ಸದಾ ಕೈ ಬಿಚ್ಚಿ ಖರ್ಚು ಮಾಡುವುದೂ ಸಲ್ಲದು. ಸರಕು ಹೆಚ್ಚದೆ ಹಣ ಮಾತ್ರ ಹೆಚ್ಚಿದರೆ ಬೆಲೆಗಳು ಏರುತ್ತವೆ. ಕೂಲಿ ನೂರಕ್ಕೆ 5ರಷ್ಟು ಏರಿ ಬೆಲೆಗಳು 8ರಷ್ಟು ಏರಿದರೆ ಕೂಲಿಕಾರನು ಬಡವನೇ ಆದಂತೆ. ಈ ಕಾರಣದಿಂದಲೇ 2016ರಲ್ಲಿ ಬೆಲೆಯೇರಿಕೆಯನ್ನು ನೂರಕ್ಕೆ 4ರ ಆಸುಪಾಸಿನಲ್ಲಿಡುವ ಗುರಿಯನ್ನು ರಿಜರ್ವ್ ಬ್ಯಾಂಕಿಗೆ ಗೊತ್ತುಪಡಿಸಲಾಯಿತು.

ಈ ಶಾಸ್ತ್ರದ ಅಳತೆಗೋಲಿಗೂ ಮಿತಿಯುಂಟು. ರೈತನು ಮನೆಗಿಟ್ಟುಕೊಂಡ ಜೋಳವನ್ನು ರಾಷ್ಟ್ರೀಯ ಉತ್ಪನ್ನದಲ್ಲಿ ಎಣಿಸುತ್ತಾರೆ. ಅದೇ ಜೋಳದ ರೊಟ್ಟಿ ಬಡಿಯುವ ತಾಯಿಯ ದುಡಿಮೆಯನ್ನು ಎಣಿಸುವುದಿಲ್ಲ. ಅದೇ ರೊಟ್ಟಿ ಖಾನಾವಳಿಯಲ್ಲಿ ಆದರೆ ಲೆಕ್ಕಕ್ಕೆ ಬರುತ್ತದೆ! ತಲಾ ವರಮಾನವೂ ಅಷ್ಟೆ. ಅದು ಸರಾಸರಿಯನ್ನು ಹೇಳುತ್ತದೆ, ಯಾರ ಪಾಲಿಗೆ ಎಷ್ಟು ಬಂತೆಂಬುದನ್ನು ಹೇಳುವುದಿಲ್ಲ.

ನಮ್ಮಲ್ಲಿ ಅನೇಕರು ಮನೆತನದಲ್ಲಿಯೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು. ಬೆಳೆಯ ದರ ಬಿದ್ದಾಗ, ಕೆಲಸ ಸಿಗದಾಗ ನಮ್ಮ ಮನೆಗಳಲ್ಲಿ ಹಣೆಬರಹವೆಂದು ಸುಮ್ಮನಾಗುವುದುಂಟು. ಅದರಲ್ಲಿ ಎಷ್ಟು ಭಾಗ ಮಳೆಯಿಂದ ಬಂದುದು, ಎಷ್ಟು ಭಾಗ ಮನುಷ್ಯರು ಮಾಡಿದ ಧೋರಣೆಯಿಂದ ಬಂದುದು ಎಂದು ಬೇರ್ಪಡಿಸಿ ನೋಡಲು ಈ ಶಾಸ್ತ್ರ ಕಲಿಸುತ್ತದೆ. ಧೋರಣೆಯಿಂದ ಬಂದುದನ್ನು ಧೋರಣೆಯಿಂದಲೇ ತಿದ್ದಬಹುದು. ಮುಂಗಡಪತ್ರದ ದಿನ ವೃತ್ತಪತ್ರಿಕೆಯನ್ನು ಮನೆಯವರಿಗೆ ಓದಿ, ಅವರ ಮಾತಿನಲ್ಲಿಯೇ ಅರ್ಥ ಹೇಳಬಲ್ಲ ವಿದ್ಯಾರ್ಥಿಯು ಪರೀಕ್ಷೆಯ ಅಂಕಗಳಿಗಿಂತ ಹೆಚ್ಚಿನದನ್ನು ಗಳಿಸಿದನೆಂದೇ ನನ್ನ ಭಾವನೆ.